ಕಷಾಯ ಕುಡಿದರೆ ಟಿಬಿ ಬರಲ್ಲವೇ?

‘ಕಷಾಯ ಕುಡಿದು ಇಮ್ಯುನಿಟಿ ಹೆಚ್ಚಿಸಿಕೊಳ್ಳಿ, ಟಿಬಿ ಹತ್ತಿರ ಸುಳಿಯಲ್ಲ’ ಎಂಬಂಥ ಫಾರ್ವರ್ಡ್ ನಿಮಗೂ ಬಂದಿರಬಹುದು. ಆದರೆ ರೋಗನಿರೋಧಕ ಶಕ್ತಿ ಎಂದರೆ ತುಂಬಿಸಿಡುವ ಕೊಡವಲ್ಲ.

ಟಿಬಿ ಬ್ಯಾಕ್ಟೀರಿಯಾ ಶ್ವಾಸಕೋಶ ಹೊಕ್ಕಾಗ ರಕ್ಷಣಾ ಕೋಶಗಳು ಒಂದಕ್ಕೊಂದು ರಾಸಾಯನಿಕ ಸಂದೇಶ ಕಳಿಸುತ್ತವೆ. ಇವೇ ಸೈಟೊಕೈನ್‌ಗಳು. ಇಂಟರ್‌ಫೆರಾನ್-ಗಾಮಾ ಬಂದರೆ, ಬ್ಯಾಕ್ಟೀರಿಯಾ ನುಂಗಿದ ಕೋಶಕ್ಕೆ ಅದನ್ನು ಕೊಲ್ಲುವ ಬಲ ಬರುತ್ತದೆ. ಸಾಯದೆ ಉಳಿದವುಗಳ ಸುತ್ತ ಕೋಶಗಳೇ ಗೋಡೆ ಕಟ್ಟುತ್ತವೆ. ಅದು ಕುಸಿಯದಂತೆ ನೋಡಿಕೊಳ್ಳುವುದು ಟಿಎನ್‌ಎಫ್. ಸಂಧಿವಾತದ ಕೆಲವು ಇಂಜೆಕ್ಷನ್‌ಗಳು ಈ ಟಿಎನ್‌ಎಫ್ ಅನ್ನೇ ತಡೆಯುತ್ತವೆ. ಆಗ ಒಳಗೆ ಮಲಗಿದ್ದ ಟಿಬಿ ಎದ್ದೀತೆಂದು ವೈದ್ಯರು ಮೊದಲೇ ಪರೀಕ್ಷೆ ಮಾಡಿಸುತ್ತಾರೆ. ಹಾಗಂತ ಟಿಎನ್‌ಎಫ್ ಮಿತಿಮೀರಿದರೆ ಶ್ವಾಸಕೋಶಕ್ಕೇ ಪೆಟ್ಟು.

ಕಷಾಯ ಗಂಟಲಿಗೆ ಹಿತ, ಅಷ್ಟೇ. ಪುರ್ತಗೇರಿಯಲ್ಲಿರಲಿ, ಬೆಂಗಳೂರಿನಲ್ಲಿರಲಿ, ಕೆಮ್ಮು 2 ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ.