ಅಂಟಿಸಿದ್ದು ಅಮ್ಮ, ಮಾರ್ಕ್ಸ್ ಮಗುವಿಗೆ

1/4
ಎಫ್‌ಎ ಟೈಮಲ್ಲಿ ತುಮಕೂರಿನ ಯಾವುದಾದ್ರೂ ಜೆರಾಕ್ಸ್ ಅಂಗಡಿ ಮುಂದೆ ಹೋಗಿ ನಿಂತ್ಕೊಳ್ಳಿ. "ಅಣ್ಣ, ಜ್ಞಾನಪೀಠದ ಎಂಟೂ ಫೋಟೋ ಕಲರಲ್ಲಿ ಕೊಡಿ." ರಾತ್ರಿ ಅಮ್ಮ ಅಂಟಿಸ್ತಾರೆ, ಅಕ್ಕ ಸ್ಕೆಚ್ ಪೆನ್ನಲ್ಲಿ ಬಾರ್ಡರ್ ಎಳೀತಾಳೆ, ಬೆಳಿಗ್ಗೆ ಮಗು ಚಾರ್ಟ್ ಸುತ್ಕೊಂಡು ಸ್ಕೂಲಿಗೆ ಹೋಗುತ್ತೆ. ಇದರ ಹೆಸರು "ಸೃಜನಶೀಲ ಚಟುವಟಿಕೆ" ಅಂತೆ! ಆ ಎಂಟು ಜನರಲ್ಲಿ ಒಬ್ಬರದ್ದಾದ್ರೂ ಕಥೆ ಓದಿದ್ಯಾ ಪುಟ್ಟಾ ಅಂತ ಯಾರೂ ಕೇಳಲ್ಲ.

2/4
ಕುವೆಂಪು ಅವರ "ಬೊಮ್ಮನಹಳ್ಳಿಯ ಕಿಂದರಿಜೋಗಿ"ನೇ ತಗೊಳ್ಳಿ. ಮೂಲ ಬ್ರೌನಿಂಗ್‌ನ ಇಂಗ್ಲಿಷ್ ಪದ್ಯ. ಕುವೆಂಪು ಕೈಯಲ್ಲಿ ಜರ್ಮನಿಯ ಊರು ಹೋಗಿ ನಮ್ಮ ಹಳ್ಳಿ ಬಂತು, ಮೇಯರ್ ಹೋಗಿ ಗೌಡ ಬಂದ. ಇಲಿ ಓಡಿಸಿದ್ರೆ ದುಡ್ಡು ಕೊಡ್ತೀನಿ ಅಂತ ಮಾತು ಕೊಟ್ಟವನು, ಇಲಿಗಳು ಹೊಳೆ ಪಾಲಾದ ಮೇಲೆ ಕೈ ಎತ್ತುತ್ತಾನೆ. ಜೋಗಿ ಊರಿನ ಮಕ್ಕಳನ್ನ ಕರ್ಕೊಂಡು ಹೋಗ್ತಾನೆ.

ಬಿ.ಕಾಂ. ಗೆಳೆಯರೇ, ನಾವು ಉರು ಹೊಡೆಯೋ 1872ರ ಕಾಂಟ್ರ್ಯಾಕ್ಟ್ ಆಕ್ಟ್ ಇದೇ ತಾನೇ? ಆಫರ್, ಅಕ್ಸೆಪ್ಟೆನ್ಸ್, ಬ್ರೀಚ್ ಎಲ್ಲಾ ಇದೆ. ಮಾತು ತಪ್ಪಿದ್ದು ಗೌಡ, ಹೋಗಿದ್ದು ಮಕ್ಕಳು. ಇದು ನ್ಯಾಯಾನಾ ಅಂತ ಹತ್ತು ವರ್ಷದವರನ್ನ ಕೇಳಿ ನೋಡಿ, ಬೆಲ್ ಹೊಡೆದ್ರೂ ಜಗಳ ನಿಲ್ಲಿಸಲ್ಲ. ಆದ್ರೆ ಪ್ರಶ್ನೆಪತ್ರಿಕೆ ಕೇಳೋದು: "ಈ ಪದ್ಯವನ್ನು ಬರೆದವರು ______."

3/4
ಆ ಜಗಳಕ್ಕೆ ತರಗತಿಯಲ್ಲಿ ಜಾಗ ಕೊಡೋದೇ ಲಿಟರೇಚರ್ ಸರ್ಕಲ್. ಓದು ಬಳಗ ಅನ್ನೋಣ. ಅಮೆರಿಕದ ಹಾರ್ವೆ ಡೇನಿಯಲ್ಸ್ 1994ರಲ್ಲಿ ಇದರ ಮೇಲೆ ಪುಸ್ತಕವನ್ನೇ ಬರೆದ್ರು. ನಾಲ್ಕೈದು ಮಕ್ಕಳು ತಾವೇ ಆರಿಸಿದ ಒಂದು ಪುಸ್ತಕ ಓದ್ತಾರೆ. ಒಬ್ಬಳು ಪ್ರಶ್ನೆ ತರ್ತಾಳೆ, ಒಬ್ಬ ಚಿತ್ರ ಬರೀತಾನೆ, ಇನ್ನೊಬ್ಬಳು "ನಮ್ಮೂರಲ್ಲೂ ಹಿಂಗೇ ಆಗಿತ್ತು" ಅಂತಾಳೆ. ಟೀಚರ್ ಸುಮ್ನೆ ಕೂತು ಕೇಳಿಸ್ಕೋಬೇಕು. (ಕಷ್ಟ ಇರೋದೇ ಇಲ್ಲಿ.) ಈ ಪಾತ್ರಗಳ ಹಾಳೆ ತುಂಬೋದೇ ಕೆಲಸ ಆಗಬಾರದು ಅಂತ ಮುಂದೆ ಡೇನಿಯಲ್ಸ್ ಅವರೇ ಎಚ್ಚರಿಸಿದ್ರು. ನಮ್ಮಲ್ಲಂತೂ ಬಳಗಕ್ಕಿಂತ ಮುಂಚೆ ಅದರ ಫಾರ್ಮ್ಯಾಟ್ ಬಂದಿರುತ್ತೆ ಬಿಡಿ.

ಫಾರಿನ್ ಐಡಿಯಾ ಅಂತ ಮೂಗು ಮುರಿಯೋರು ಪಕ್ಕದ ಗುಬ್ಬೀನ ನೆನೆಸ್ಕೊಳ್ಳಿ. 1884ರಲ್ಲಿ ಅಲ್ಲಿ ಶುರುವಾಗಿ, ವೀರಣ್ಣನವರು ಬೆಳೆಸಿದ ನಾಟಕ ಕಂಪನಿಗೆ ಮನೆ ಬಿಟ್ಟು ಓಡಿಬಂದು ಸೇರಿದ ಹುಡುಗ ಬಿ.ವಿ. ಕಾರಂತ. ಮುಂದೆ ಅವರು ಠಾಗೋರರ ಕಥೆ ಹಿಡಿದು ಮಕ್ಕಳಿಗೆ "ಪಂಜರ ಶಾಲೆ" ನಾಟಕ ಮಾಡಿದ್ರು. ಆ ಕಥೇಲಿ ಗಿಣಿಗೆ ವಿದ್ಯೆ ಕಲಿಸೋಕೆ ಚಿನ್ನದ ಪಂಜರ ಮಾಡಿಸ್ತಾರೆ, ಬಾಯಿಗೆ ಹಾಳೆ ತುರುಕ್ತಾರೆ, ಗಿಣಿ ಸಾಯುತ್ತೆ. ಪಂಜರ ಮಾಡಿದವನಿಗೆ ಮಾತ್ರ ಒಳ್ಳೆ ಲಾಭ.

4/4
ಪುಸ್ತಕ ಎಲ್ಲಿದೆ ಅಂತೀರಾ? ಪಂಚಾಯ್ತಿ ಲೈಬ್ರರಿಗಳಲ್ಲಿ 2020ರಿಂದ "ಓದುವ ಬೆಳಕು" ಇದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಫೋನಲ್ಲೇ ಪುಕ್ಕಟೆ.

ಪ್ರಾಜೆಕ್ಟೇ ಬೇಕಾ? ಕುಣಿಗಲ್ ಮಕ್ಕಳು ಕುಣಿಗಲ್ ಕೆರೆಯ ಜನಪದ ಹಾಡನ್ನ ಮನೆ ಅಜ್ಜಿ ಬಾಯಲ್ಲಿ ಕೇಳಿ ಬರ್ಕೊಂಡು ಬರಲಿ. ಒಬ್ಬೊಬ್ಬರ ಅಜ್ಜಿ ಒಂದೊಂದು ಥರ ಹಾಡಿದ್ರೆ ಯಾಕೆ ಅಂತ ಅವರೇ ಚರ್ಚೆ ಮಾಡಲಿ. ಖರ್ಚು ಸೊನ್ನೆ, ಜೆರಾಕ್ಸ್ ಅಂಗಡೀಲಿ ಸಿಗೋದೂ ಇಲ್ಲ.

ನನ್ನ ಜಗಳ ಟೀಚರ್‌ಗಳ ಮೇಲಲ್ಲ. ಎರಡು ಮೂರು ತರಗತಿ ಒಟ್ಟಿಗೆ ಕೂರಿಸ್ಕೊಂಡು, ಮಧ್ಯೆ ಬಿಸಿಯೂಟದ ಲೆಕ್ಕ ಬರೆಯೋ ಮೇಷ್ಟ್ರಿಗೆ ಚಾರ್ಟ್ ತಗೊಂಡು ಮಾರ್ಕ್ಸ್ ಹಾಕೋದೇ ಸುಲಭ. ಮಾರ್ಕ್ಸ್ ಲಿಸ್ಟ್‌ನಲ್ಲಿ ಚಾರ್ಟಿಗೆ ಕಾಲಂ ಇದೆ, ಮಗುವಿನ ಮಾತಿಗೆ ಇಲ್ಲ. ಸಿಟ್ಟು ಅದರ ಮೇಲೆ.

ತಮ್ಮ ತಂಗಿ ಇರೋರೆಲ್ಲ ಮುಂದಿನ ಎಫ್‌ಎಗೆ ಬಾರ್ಡರ್ ಎಳೆದು ಕೊಡಬೇಡಿ. ಕಿಂದರಿಜೋಗಿ ಓದಿಸಿ, ಗೌಡ ಮಾಡಿದ್ದು ಸರಿನಾ ಅಂತ ಕೇಳಿ. ಅವರು ಹೇಳಿದ್ದನ್ನ ಹೇಳಿದ ಹಾಗೇ ಕಾಮೆಂಟಲ್ಲಿ ಹಾಕಿ.

#ತುಮಕೂರು #ಗುಬ್ಬಿ #ಕುಣಿಗಲ್ #ಮಕ್ಕಳಸಾಹಿತ್ಯ