ಬೀಗದ ಕೈ ಯಾರಲ್ಲಿ?

ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾಗಿ, 2005ರಿಂದ ಫಾಸ್.ಇನ್ ಎಂಬ ಹೆಸರಿನಿಂದ ನೆರೆಯುತ್ತಿದ್ದ ಲಿನಕ್ಸ್ ಸಮ್ಮೇಳನವು ನಿಂತುಹೋಗಿದೆ. ಅದು ಸಾರಿದ ತತ್ತ್ವವು ನಿಲ್ಲತಕ್ಕದ್ದಲ್ಲ. ಗಣಕಯಂತ್ರವನ್ನು ನಡೆಯಿಸುವ ಲಿನಕ್ಸಿನ ಮೂಲಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಮುಚ್ಚಿದ ತಂತ್ರಾಂಶವಾದರೋ ಬೀಗ ಹಾಕಿದ ಕಣಜ; ಧಾನ್ಯ ನಮ್ಮದು, ಬೀಗದ ಕೈ ಅನ್ಯರದು. ಖಾಸಗಿ ಸಂಕೇತದ ಫಾಂಟುಗಳಲ್ಲಿ ಬರೆದಿಟ್ಟ ಕನ್ನಡ ಕಡತಗಳು, ಆ ಫಾಂಟಿಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ ತೋರುವುದನ್ನು ಕಚೇರಿಯವರೇ ಬಲ್ಲರು.

ಈ ವಿದ್ಯೆಯು ರಾಜಧಾನಿಯಲ್ಲಿ, ಇಂಗ್ಲಿಷಿನಲ್ಲಿ ಮಾತ್ರವೇ ಉಳಿದರೆ ಹೊಳೆಹೊನ್ನೂರಿನ ವಿದ್ಯಾರ್ಥಿಗೇನು ಲಾಭ? ಸಮೀಪದ ಶಂಕರಘಟ್ಟದಲ್ಲಿ 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಅಲ್ಲಿ ವರ್ಷಕ್ಕೊಮ್ಮೆ ಕನ್ನಡದಲ್ಲಿಯೇ ಇಂತಹ ಸಮ್ಮೇಳನವನ್ನು ನೆರೆಯಿಸಿ, ಶಿವಮೊಗ್ಗ ಭದ್ರಾವತಿಗಳ ಉಪಾಧ್ಯಾಯರನ್ನೂ ಗುಮಾಸ್ತರನ್ನೂ ಕರೆಯಬೇಕೆಂಬುದು ನಮ್ಮ ಆಗ್ರಹ. ಬೀಗದ ಕೈ ನಮ್ಮಲ್ಲಿಲ್ಲದ ಮನೆಯು ಹೆಸರಿಗಷ್ಟೇ ನಮ್ಮದು.