ಎಂಜಿನ್ ಇಳಿಸೋಕೆ ಮುಂಚೆ ಸ್ವಲ್ಪ ಕಿವಿ ಕೊಡಿ

"ಎಂಜಿನ್ ಇಳಿಸ್ಬೇಕು ಸಾರ್."

ಹಳೇ ಕಾರಿನ ಬಾನೆಟ್ ಎತ್ತಿ ಎರಡು ನಿಮಿಷ ಆಗಿರಲ್ಲ, ಈ ತೀರ್ಪು ಬಂದುಬಿಡುತ್ತೆ. ವಿಚಾರಣೆ ಇಲ್ಲ, ಸಾಕ್ಷಿ ಇಲ್ಲ, ನೇರ ಗಲ್ಲು. ಈ ಮೂರು ಪದಗಳನ್ನ ಕೇಳಿ ಕೇಳಿ ನನಗೆ ತಲೆ ಕೆಟ್ಟಿದೆ. ಹಾಗಾಗಿ ಇವತ್ತು ಸ್ವಲ್ಪ ಜೋರಾಗೇ ಬರೀತೀನಿ, ಬೇಜಾರು ಮಾಡ್ಕೋಬೇಡಿ.

ನಮ್ಮ ಬೀದಿಯಲ್ಲಿ ನಿವೃತ್ತ ಗಣಿತದ ಮೇಷ್ಟ್ರೊಬ್ಬರಿದ್ದಾರೆ. ಅವರ ಹತ್ತಿರ 2002ರ ಹೋಂಡಾ ಸಿಟಿ ವಿಟೆಕ್ ಇತ್ತು. ಕಾರಿನ ಹುಚ್ಚಿರೋರಿಗೆ ಅದರ ಬಗ್ಗೆ ಹೇಳೋದೇ ಬೇಡ. ಒಂದೂವರೆ ಲೀಟರ್ ಎಂಜಿನ್, 106 ಕುದುರೆ ಶಕ್ತಿ. 2003ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಸಿಟಿಗೆ ಕೊಟ್ಟ ಎಂಜಿನ್ನಿಗೆ ಇದ್ದದ್ದು 77. ಹಳೇದನ್ನ ಜನ ಇನ್ನೂ ಯಾಕೆ ಎದೆಗವಚಿಕೊಂಡು ಇಟ್ಕೊಂಡಿದ್ದಾರೆ ಅಂತ ಈಗ ಗೊತ್ತಾಯ್ತಲ್ಲ?

ಮೇಷ್ಟ್ರ ಕಾರಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಟಿಕ್ ಟಿಕ್ ಟಿಕ್ ಅಂತ ಸದ್ದು ಶುರುವಾಯ್ತು. ಆಕ್ಸಿಲರೇಟರ್ ಒತ್ತಿದ್ರೆ ಜಾಸ್ತಿ. ಹತ್ತು ನಿಮಿಷ ಓಡಿಸಿದ್ರೆ ಮಾಯ. ಒಂದು ಗ್ಯಾರೇಜಿಗೆ ತಗೊಂಡು ಹೋದ್ರು. ಸಾಯಂಕಾಲ ಬಿಟ್ಟು ಬಂದ ಕಾರಿನ ತೀರ್ಪು ಮಾರನೇ ದಿನ ಫೋನಲ್ಲೇ ಬಂತು: ಬೇರಿಂಗ್ ಹೋಗಿದೆ, ಎಂಜಿನ್ ಇಳಿಸ್ಬೇಕು, ತೊಂಬತ್ತು ಸಾವಿರ ಆಗುತ್ತೆ. ಪಿಂಚಣಿಯ ಮನುಷ್ಯ, ಹೆಂಡತಿಗೆ ಆಗ ತಾನೆ ಮಂಡಿ ಆಪರೇಷನ್ ಆಗಿತ್ತು. ಇಪ್ಪತ್ತು ವರ್ಷ ಮಗುವಿನ ಹಾಗೆ ನೋಡಿಕೊಂಡ ಕಾರನ್ನ ನಲವತ್ತು ಸಾವಿರಕ್ಕೆ ಕೊಟ್ಟುಬಿಟ್ರು.

ತಗೊಂಡ ಹುಡುಗ ಮಾಡಿದ್ದೇನು ಗೊತ್ತಾ? ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಪ್ಯಾಕಿಂಗ್ ಬದಲಾಯಿಸಿದ, ಎರಡು ನಟ್ ಹೊಸದು ಹಾಕಿದ. ಸದ್ದು ನಿಂತಿತು. ಆ ಕಾರು ಇವತ್ತಿಗೂ ನಮ್ಮ ಏರಿಯಾದಲ್ಲೇ ಓಡಾಡ್ತಿದೆ. ಅದು ತಿರುವಿನಲ್ಲಿ ಬಂದಾಗಲೆಲ್ಲ ಮೇಷ್ಟ್ರು ಮುಖ ಆ ಕಡೆ ತಿರುಗಿಸ್ತಾರೆ.

ಈಗ ಹೇಳಿ, ಇದು ಅಷ್ಟೊಂದು ನಿಗೂಢ ಸದ್ದಾಗಿತ್ತಾ? ಸವೆದ ಬೇರಿಂಗಿನ ಸದ್ದು ಎಂಜಿನ್ ಬಿಸಿಯಾದಷ್ಟೂ ಜಾಸ್ತಿಯಾಗುತ್ತೆ. ಯಾಕಂದ್ರೆ ಬಿಸಿಗೆ ಆಯಿಲ್ ತೆಳ್ಳಗಾಗುತ್ತೆ, ಲೋಹ ಲೋಹಕ್ಕೆ ಬಡಿಯುತ್ತೆ. ಎಕ್ಸಾಸ್ಟ್ ಸೋರಿಕೆಯದ್ದು ತದ್ವಿರುದ್ಧ. ಮ್ಯಾನಿಫೋಲ್ಡ್ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತೆ, ಸದ್ದು ಅಡಗುತ್ತೆ. ಸೋರುವ ಜಾಗದಲ್ಲಿ ಕರಿ ಮಸಿಯ ಗುರುತು ಬೇರೆ ಬಿಟ್ಟಿರುತ್ತೆ. ತಣ್ಣಗಿರೋ ಎಂಜಿನ್ನನ್ನ ಸ್ಟಾರ್ಟ್ ಮಾಡಿ ಬಿಸಿಯಾಗೋ ತನಕ ಪಕ್ಕದಲ್ಲಿ ನಿಂತಿದ್ರೆ ಸಾಕಿತ್ತು. ಅಷ್ಟು ಹೊತ್ತು ಯಾರೂ ನಿಲ್ಲಲಿಲ್ಲ. ನನ್ನ ಸಿಟ್ಟು ಅದಕ್ಕೆ.

ಸದ್ದಿಗೂ ಒಂದು ತಾಳ ಇರುತ್ತೆ ಸ್ವಾಮಿ. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಎರಡು ಸುತ್ತು ತಿರುಗಿದ್ರೆ ಕ್ಯಾಮ್ ಒಂದೇ ಸುತ್ತು. ನಿಮಿಷಕ್ಕೆ 800 ಸುತ್ತಿನ ಐಡ್ಲಿಂಗಲ್ಲಿ ಕ್ರ್ಯಾಂಕ್ ಸೆಕೆಂಡಿಗೆ ಹದಿಮೂರು ಸಲ, ಕ್ಯಾಮ್ ಆರೇಳು ಸಲ. ಬೆರಳಲ್ಲಿ ಎಣಿಸೋಕೆ ಆಗಲ್ಲ ಅನ್ನೋದು ನಿಜ. ಆದ್ರೆ ನಿಧಾನದ ಟಿಕ್ ಟಿಕ್ಕಿಗೂ ಅದರ ಎರಡರಷ್ಟು ಬಿರುಸಿನ ಗುದ್ದಿಗೂ ಇರೋ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತೆ. ನಿಧಾನದ್ದಾದ್ರೆ ಟ್ಯಾಪೆಟ್ ಕಡೆ ನೋಡು, ಒಂದು ಸಿಲಿಂಡರಿನ ಎಕ್ಸಾಸ್ಟ್ ಸೋರಿಕೆ ಕಡೆ ನೋಡು. ಬಿರುಸಿನದ್ದಾದ್ರೆ ಕೆಳಗೆ ಕ್ರ್ಯಾಂಕ್ ಕಡೆ ಹೋಗು.

ಇನ್ನೂ ಅನುಮಾನವಾ? ಒಂದೊಂದೇ ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಬಿಚ್ಚಿ ನೋಡು. ಯಾವುದನ್ನ ಬಿಚ್ಚಿದಾಗ ಗುದ್ದು ಕಮ್ಮಿಯಾಗುತ್ತೋ ಆ ಸಿಲಿಂಡರಿನ ಪಿಸ್ಟನ್ನೋ ಬೇರಿಂಗೋ ಕಾರಣ. ಏನೂ ಬದಲಾಗದಿದ್ರೆ ಟ್ಯಾಪೆಟ್ಟೋ, ಹೊರಗಿನ ಯಾವುದೋ ಭಾಗವೋ ಇರಬೇಕು. ಹೊರಗಿನ ಬೆಲ್ಟ್ ಬಿಚ್ಚಿ ಅರ್ಧ ನಿಮಿಷ ಓಡಿಸು. ಸದ್ದು ನಿಂತ್ರೆ ಆಲ್ಟರ್ನೇಟರೋ ಪವರ್ ಸ್ಟೀರಿಂಗ್ ಪಂಪೋ ಏಸಿ ಕಂಪ್ರೆಸರೋ. ಕ್ಲಚ್ ಒತ್ತಿದಾಗ ಸದ್ದು ಹೋದ್ರೆ ಗೇರ್ ಬಾಕ್ಸಿನ ಬೇರಿಂಗ್. ಉದ್ದದ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ರೆ ಅದೇ ಸ್ಟೆತಸ್ಕೋಪ್ (ತಿರುಗೋ ಬೆಲ್ಟಿಂದ ದೂರ ಇರಿ ಮಾರಾಯ್ರೇ!). ಕೊನೆಗೆ ಆಯಿಲ್ ಪ್ರೆಷರನ್ನ ಗೇಜ್ ಹಾಕಿ ಅಳೆಯಬೇಕು. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತೋದು ಪ್ರೆಷರ್ ಪಾತಾಳಕ್ಕೆ ಇಳಿದ ಮೇಲೆ. ಅದನ್ನ ನಂಬಿ ಕೂತರೆ ಆಯ್ತು ಕಥೆ.

ಇಷ್ಟಕ್ಕೂ ಒಂದು ಗಂಟೆ ಸಾಕು. ಎಂಜಿನ್ ಇಳಿಸೋಕೆ?

ಇನ್ನೊಂದು ಜಾತಿಯ ವೈದ್ಯರಿದ್ದಾರೆ. ಇವರು ಎಂಜಿನ್ ಇಳಿಸಲ್ಲ, "ದಪ್ಪ ಆಯಿಲ್ ಹಾಕಿ ಸಾರ್, ಸದ್ದು ನಿಲ್ಲುತ್ತೆ" ಅಂತಾರೆ. ನಿಲ್ಲುತ್ತೆ, ನಿಜ. ನೋವಿನ ಮಾತ್ರೆ ನುಂಗಿದ್ರೆ ಮುರಿದ ಮೂಳೆಯ ನೋವೂ ಕಮ್ಮಿಯಾಗುತ್ತೆ. ವಿಟೆಕ್ ಎಂಜಿನ್ನಿನಲ್ಲಂತೂ ಆಯಿಲ್ ಬರೀ ಜಾರಿಸೋ ಕೆಲಸ ಮಾಡಲ್ಲ. ಆಯಿಲಿನ ಒತ್ತಡವೇ ಪಿನ್ನುಗಳನ್ನ ತಳ್ಳಿ ರಾಕರ್ ಆರ್ಮುಗಳನ್ನ ಜೋಡಿಸೋದು. ಅಂಥದ್ದರಲ್ಲಿ ಬೇಕಾಬಿಟ್ಟಿ ಆಯಿಲ್ ಸುರಿದು ಸದ್ದು ಮುಚ್ಚಿಹಾಕೋದು ರಿಪೇರಿಯಾ?

ಇನ್ನೂ ಅಪಾಯದ ವಿಷಯ ಅಂದ್ರೆ ಟ್ಯಾಪೆಟ್ಟಿನದ್ದು. ಈ ಎಂಜಿನ್ನಿಗೆ ಹೈಡ್ರಾಲಿಕ್ ಲಿಫ್ಟರ್ ಇಲ್ಲ. ಎಂಜಿನ್ ತಣ್ಣಗಿದ್ದಾಗ ಫೀಲರ್ ಗೇಜ್ ಇಟ್ಟು ಕೈಯಲ್ಲೇ ಸಂದು ಹೊಂದಿಸಬೇಕು, ಮಿಲಿಮೀಟರಿನ ಐದನೇ ಒಂದು ಭಾಗದ ಆಸುಪಾಸು. ಸಂದು ಜಾಸ್ತಿಯಾದ್ರೆ ಟಿಕ್ ಟಿಕ್ ಅನ್ನುತ್ತೆ. ಕಮ್ಮಿಯಾದ್ರೆ? ಸದ್ದೇ ಇರಲ್ಲ. ವಾಲ್ವ್ ಪೂರ್ತಿ ಮುಚ್ಚದೆ, ಬಿಸಿ ಬಿಟ್ಟುಕೊಡೋಕೆ ಆಗದೆ ಸುಟ್ಟುಹೋಗುತ್ತೆ, ಮೌನವಾಗಿ. ಸದ್ದು ಕೇಳಬಾರದು ಅಂತ ಟ್ಯಾಪೆಟ್ ಬಿಗಿ ಮಾಡಿಕೊಡೋ ಪುಣ್ಯಾತ್ಮರು ಮಾಡೋದು ಇದನ್ನೇ. ಅಳುವ ಮಗುವಿನ ಬಾಯಿಗೆ ಬಟ್ಟೆ ತುರುಕಿದ ಹಾಗೆ.

ಈಗಿನ ಹೊಸ ಬಲಿಪಶು ಇ20 ಪೆಟ್ರೋಲ್. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಲ್ಲೇ ಅದಕ್ಕೆ ಚಾಲನೆ ಕೊಟ್ಟಿದ್ದು. ಈಗ ಯಾವ ಹಳೇ ಕಾರು ಟಕ್ ಅಂದ್ರೂ "ಎಥನಾಲ್ ಸಾರ್" ಅಂದು ಕೈ ತೊಳ್ಕೊಳ್ಳೋದು. ಎಥನಾಲಿನಿಂದ ಹಳೇ ಕಾರಿಗೆ ತೊಂದರೆ ಇಲ್ಲ ಅಂತ ನಾನು ಹೇಳ್ತಿಲ್ಲ. ಹಳೇ ರಬ್ಬರ್ ಪೈಪು, ಸೀಲುಗಳನ್ನ ಅದಕ್ಕಂತ ಮಾಡಿದ್ದಲ್ಲ, ನೋಡಿಕೊಳ್ಳಲೇಬೇಕು. ಲೀಟರಿಗೆ ಸಿಗೋ ಶಕ್ತಿಯೂ ಕಮ್ಮಿ, ಮೈಲೇಜ್ ಇಳಿಯುತ್ತೆ. ಆದ್ರೆ ಎಥನಾಲ್ ಆಕ್ಟೇನ್ ಹೆಚ್ಚಿಸುತ್ತೆ. ಕಮ್ಮಿ ಆಕ್ಟೇನಿಂದ ಏರು ಹತ್ತುವಾಗ ಕೇಳೋ ಕಿಣಿಕಿಣಿ ಅದರಿಂದ ಕಮ್ಮಿಯಾಗಬೇಕು. ಬಯ್ಯೋದಾದ್ರೂ ಸರಿಯಾದ ಕಾರಣಕ್ಕೆ ಬಯ್ಯೋಣ ಅಲ್ವಾ?

ಮೆಕ್ಯಾನಿಕ್ಕುಗಳೆಲ್ಲ ಕಳ್ಳರು ಅಂತ ನಾನು ಹೇಳ್ತಿಲ್ಲ. ಅವರ ಕಡೆಯ ಮಾತೂ ನ್ಯಾಯವಾದದ್ದೇ. "ಒಂದು ಗಂಟೆ ಕಿವಿಗೊಟ್ಟು ಕೇಳಿದ್ದಕ್ಕೆ ಐನೂರು ಕೊಡಿ ಅಂದ್ರೆ ಯಾರು ಸಾರ್ ಕೊಡ್ತಾರೆ?" ಅಂತ ಒಬ್ಬರು ನನ್ನನ್ನೇ ಕೇಳಿದ್ರು. ಯಾರೂ ಕೊಡಲ್ಲ. ಡಾಕ್ಟರಿಗೆ ನಾಡಿ ಹಿಡಿದಿದ್ದಕ್ಕೆ ಫೀಸ್ ಕೊಡ್ತೀವಿ, ಮೆಕ್ಯಾನಿಕ್ಕಿಗೆ ಮಾತ್ರ ಬಿಚ್ಚಿದ್ದಕ್ಕೆ, ಬದಲಾಯಿಸಿದ್ದಕ್ಕೆ. ಬಿಚ್ಚಿದ್ರೆ ಮಾತ್ರ ಅನ್ನ ಅಂತಾದ್ರೆ ಬಿಚ್ಚದೆ ಇನ್ನೇನು ಮಾಡ್ತಾರೆ? ಜೆಸಿ ರೋಡಿನ ಅಂಗಡಿ ತುಂಬ ಬಿಡಿಭಾಗ ಸಿಗುತ್ತೆ, ಕೇಳುವ ಕಿವಿ ಅಲ್ಲಿ ಮಾರಾಟಕ್ಕಿಲ್ಲ. ಅದನ್ನ ಉಳಿಸ್ಕೋಬೇಕಾದ್ರೆ ಅದಕ್ಕೆ ದುಡ್ಡು ಕೊಡಬೇಕಾದವರು ನಾವೇ.

ಹಾಗಾಗಿ ಮೂರೇ ಮಾತು. ಸದ್ದು ತಣ್ಣಗಿದ್ದಾಗ ಬರುತ್ತಾ ಬಿಸಿಯಾದಾಗಾ, ಏರಲ್ಲಾ ಐಡ್ಲಿಂಗಲ್ಲಾ ಅಂತ ಚೀಟಿಯಲ್ಲಿ ಬರ್ಕೊಂಡು ಹೋಗಿ. ಪತ್ತೆ ಹಚ್ಚಿದ್ದಕ್ಕೇ ಬೇರೆ ದುಡ್ಡು ಕೊಡ್ತೀನಿ ಅಂತ ಮೊದಲೇ ಹೇಳಿ. "ಎಂಜಿನ್ ಇಳಿಸ್ಬೇಕು" ಅಂದ್ರೆ, "ಯಾವ ಪರೀಕ್ಷೆ ಮಾಡಿದ್ರಿ, ನನ್ನೆದುರು ಇನ್ನೊಂದ್ಸಲ ಮಾಡಿ" ಅಂತ ಕೇಳಿ. ಆಮೇಲೂ ಬೇರಿಂಗೇ ಅಂತ ಖಚಿತವಾದ್ರೆ ಅಲ್ಲಿಂದ ಒಂದು ಕಿಲೋಮೀಟರೂ ಓಡಿಸಬೇಡಿ. ಧಾರಾಳವಾಗಿ ಇಳಿಸಿ, ನನ್ನ ತಕರಾರಿಲ್ಲ.

ಪರೀಕ್ಷೆ ಮಾಡಿಲ್ಲ ಅಂದ್ರೆ ಬೀಗದ ಕೈ ವಾಪಸ್ ಇಸ್ಕೊಂಡು ಬನ್ನಿ.